ಉಳಿದರ್ಧ

ಅಪ್ಪ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಕೂತಿದ್ದ. ನಾನು ನೀರು ತರಲಿಲ್ಲ.

ಬೆಳಗಿನ ಓದು ಮುಗಿದ ಕೂಡಲೇ ಅವನು ಹಾಗೆ ಕೈ ಚಾಚುವುದು, ನಾನು ತಂಬಿಗೆಯಿಂದ ಮೊದಲು ಬಲಗೈಗೆ, ಆಮೇಲೆ ಎಡಗೈಗೆ ನೀರು ಬಿಡುವುದು ನಮ್ಮ ಮನೆಯ ಪದ್ಧತಿ. ನಮ್ಮದು ಯಾಜಕರ ಮನೆ. ಜೆರುಸಲೇಮಿನ ದೇವಾಲಯ ಸುಟ್ಟು ಮೂರು ತಲೆಮಾರು ಕಳೆದಿದ್ದರೂ ನಮ್ಮೂರಾದ ಸಿಪ್ಪೋರಿಯ ಜನ ಯಾಜಕರ ಪಾಲಿನ ಹಿಟ್ಟು, ಎಣ್ಣೆಗಳನ್ನು ಈಗಲೂ ತಂದುಕೊಡುತ್ತಾರೆ. ಅದನ್ನು ಮಡಿಗೈಯಲ್ಲೇ ಮುಟ್ಟಬೇಕು. ಪವಿತ್ರ ಗ್ರಂಥ ಮುಟ್ಟಿದ ಕೈ ಮೈಲಿಗೆ. ಸಂತೆಯ ಚೀಟಿ, ಮದುವೆಯ ಪತ್ರ, ಗಂಡ ಬರೆದುಕೊಟ್ಟ ಬಿಡುಗಡೆಯ ಪತ್ರ, ಇವನ್ನು ಎಷ್ಟು ಮುಟ್ಟಿದರೂ ಕೈಗೇನೂ ಆಗುವುದಿಲ್ಲ. ದೇವರ ಮಾತು ಮುಟ್ಟಿದರೆ ಮಾತ್ರ ತೊಳೆಯಬೇಕು. ಯಾಕೆಂದು ಚಿಕ್ಕಂದಿನಲ್ಲಿ ಕೇಳಿದ್ದೆ.

"ಮೊದಲು ಹಿಟ್ಟಿನ ಪಕ್ಕಾನೇ ಗ್ರಂಥದ ಸುರುಳಿ ಇಡ್ತಿದ್ರು. ಇಲಿ ಬರ್ತಿತ್ತು. ಹಿಟ್ಟು ತಿಂದು ಹೊಟ್ಟೆ ತುಂಬದೆ ಪ್ರವಾದೀನೂ ತಿಂದುಬಿಡ್ತಿತ್ತು. ಎರಡನ್ನೂ ದೂರ ಇಡೋಕೆ ಹಿರಿಯರು ಕಂಡುಕೊಂಡ ಉಪಾಯ ಇದು," ಎಂದಿದ್ದ ಅಪ್ಪ. ಆಮೇಲೆ, "ತೊಳೀಬೇಕು ಅನ್ಸೋದೇ ಅದರ ಮರ್ಯಾದೆ," ಎಂದು ಸೇರಿಸಿದ್ದ.

ನಮ್ಮಲ್ಲಿ ಎರಡು ಸುರುಳಿಗಳಿದ್ದವು. ಯುದ್ಧದ ವರ್ಷ ಯೆಹೂದ ಸೀಮೆಯಿಂದ ಓಡಿಬರುವಾಗ ಅಪ್ಪ ಹೊತ್ತು ತಂದದ್ದು ಅವೆರಡನ್ನೇ. ಅಮ್ಮ ತನ್ನ ಕಾಲ ಮೇಲೆ ತಾನೇ ನಡೆದು ಬಂದಳಂತೆ. ಆ ಮಾತನ್ನು ಸಾಯುವವರೆಗೂ ಎತ್ತಿ ಆಡಿದಳು. ಎರಡೂ ಸುರುಳಿಗಳು ಒಂದೇ ತೊಗಲಿನ ಒರೆಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ಇರುತ್ತಿದ್ದವು. ಒಂದು ಪ್ರವಾದಿಯದು. ಇನ್ನೊಂದು ಮುದುಕನದು. ಮುದುಕ ಎಂದರೆ ಮುನ್ನೂರು ವರ್ಷಗಳ ಹಿಂದೆ ಜೆರುಸಲೇಮಿನಲ್ಲಿ ಹುಡುಗರಿಗೆ ನೀತಿ ಹೇಳಿಕೊಡುತ್ತಿದ್ದ ಒಬ್ಬ ಪಂಡಿತ. ಅವನ ಹೆಸರಿದ್ದ ಮೊದಲ ಹಾಳೆ ನನ್ನ ಅಜ್ಜನ ಕಾಲಕ್ಕೇ ಹರಿದುಹೋಗಿತ್ತು, ಹಾಗಾಗಿ ನಮಗೆ ಅವನು ಬರೀ ಮುದುಕ. ಅವನ ಮಾತುಗಳ ಬೇರೆ ಪ್ರತಿ ಎಲ್ಲಿಯೂ ಇರುವುದನ್ನು ಅಪ್ಪ ಕೇಳಿರಲಿಲ್ಲ. ಅಪ್ಪ ಲಿಪಿಕಾರ. ಊರಿನ ಅರ್ಧದಷ್ಟು ಸುರುಳಿಗಳಲ್ಲಿ ಅವನ ಕೈಬರಹವಿದೆ. ಮುದುಕನನ್ನು ನಕಲು ಮಾಡುವುದನ್ನು ಮಾತ್ರ ವರ್ಷ ವರ್ಷವೂ ಮುಂದಕ್ಕೆ ಹಾಕಿದ. ಅಷ್ಟರಲ್ಲಿ ಕಣ್ಣು ಹೋಯಿತು.

ಆಮೇಲೆ ಓದುವ ಕೆಲಸ ನನಗೆ ಬಂತು. ತಮ್ಮ ಜಕ್ಕಾಯ್ ಹುಟ್ಟಲು ಹತ್ತು ವರ್ಷ ತಡವಾಗಿದ್ದರಿಂದ ಅಪ್ಪ ಕಾದು ಕಾದು ನನಗೇ ಅಕ್ಷರ ಕಲಿಸಿಬಿಟ್ಟಿದ್ದ. ಮುದುಕನ ಒಂದೊಂದು ಮಾತಿಗೂ ಎರಡು ಅರ್ಧ. ನಾನು ಮೊದಲರ್ಧ ಓದಬೇಕು, ಅಪ್ಪ ಉಳಿದರ್ಧ ಹೇಳುತ್ತಾನೆ. ಅವನ ಅಪ್ಪನೂ ಅವನಿಗೆ ಹಾಗೆಯೇ ಕಲಿಸಿದ್ದನಂತೆ.

"ಬಾವಿ ತೋಡಿದವನು ಬಾಯಾರಿ ಸತ್ತನು," ಎಂದು ನಾನು.

"ಅವನ ಮೊಮ್ಮಗನು ಆ ನೀರಿಗೆ ಮುಖ ಸಿಂಡರಿಸಿದನು," ಎಂದು ಅಪ್ಪ.

"ಮುಪ್ಪಿನವನ ಮಾತಿಗೆ ಹಲ್ಲಿಲ್ಲ."

"ಆದರೂ ಅದು ಎಲುಬಿನವರೆಗೆ ಕಚ್ಚುವುದು."

ಹೀಗೆ ದಿನಕ್ಕೆ ಒಂದು ಅಂಕಣ. ತಿಂಗಳಿಗೊಮ್ಮೆ ನನಗೆ ಬೇಡವಾದ ಒಂದು ಅಂಕಣವೂ ಬರುತ್ತಿತ್ತು. ಅದರ ಮೂರನೆಯ ಸಾಲು ಹೀಗೆ: ಮಗಳನ್ನು ಕೊಟ್ಟವನು ಬಾಗಿಲು ಹಾಕಿ ನಿದ್ದೆಹೋದನು. ಇಷ್ಟು ಓದಿ ನಾನು ನಿಲ್ಲಬೇಕು. ಅಪ್ಪ ಉಳಿದ ಸಾಲುಗಳಷ್ಟೇ ಸಲೀಸಾಗಿ ಅದನ್ನೂ ಮುಗಿಸುತ್ತಿದ್ದ: ಮರಳಿ ಪಡೆದವನ ಮನೆಯಲ್ಲಿ ಗಾಳಿ ನಿಲ್ಲದು.

ನಾನು ಮರಳಿ ಬಂದು ಆರು ವರ್ಷವಾಗಿತ್ತು. ಮಕ್ಕಳಾಗಲಿಲ್ಲವೆಂದು ಗಂಡ ಪತ್ರ ಬರೆದುಕೊಟ್ಟಿದ್ದ. ಮಕ್ಕಳಿಲ್ಲದೆ ಮರಳಿದ ಯಾಜಕನ ಮಗಳು ತಂದೆಯ ಪವಿತ್ರ ಹಿಟ್ಟನ್ನು ಮತ್ತೆ ತಿನ್ನಬಹುದು ಎಂದು ಕಟ್ಟಳೆ ಇದೆ. ತಿನ್ನುತ್ತಿದ್ದೆ. ಆ ಸಾಲು ಬಂದ ದಿನ ಅಪ್ಪನ ಮುಖ ನೋಡುತ್ತಿದ್ದೆ. ಅಲ್ಲಿ ಏನೂ ಇರುತ್ತಿರಲಿಲ್ಲ. ಒಂದಾದರೂ ಸಲ ತಡವರಿಸಬಾರದೇ ಎಂದುಕೊಳ್ಳುತ್ತಿದ್ದೆ.

ಯಾವ ಪುಸ್ತಕ ಪವಿತ್ರ ಎನ್ನುವ ಹಿರಿಯರ ತೀರ್ಮಾನವನ್ನು ಜಕ್ಕಾಯ್ ತಂದದ್ದು ಆ ವಾರದ ಮೂರನೆಯ ದಿನ. ಅವನು ವಿದ್ಯಾಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವವನು. ಅಂದು ಮಾತ್ರ ಮುಂದಿನ ಸಾಲಿನವನ ಹಾಗೆ ಒಳಗೆ ಬಂದ.

"ಅಪ್ಪಾ, ತೀರ್ಮಾನ ಆಯ್ತು. ಪ್ರವಾದಿಗಳ ಕಾಲ ಮುಗಿದ ಮೇಲೆ ಬರೆದ ಪುಸ್ತಕ ಯಾವ್ದೂ ಕೈ ಮೈಲಿಗೆ ಮಾಡಲ್ಲ."

"ಯಾವ್ದೂ?"

"ಯಾವ್ದೂ."

"ಮುದುಕ?"

"ಹೆಸರು ಹಿಡಿದೇ ಹೇಳಿದ್ರು ಅಪ್ಪ. ಓದೋದಕ್ಕೆ ಅಡ್ಡಿ ಇಲ್ಲ. ಒಳ್ಳೆ ಮಾತುಗಳೇ. ಪವಿತ್ರ ಅಲ್ಲ, ಅಷ್ಟೇ."

ಅಪ್ಪ ತೊಡೆಯ ಮೇಲಿದ್ದ ಸುರುಳಿಯನ್ನು ಬೆರಳಿನಿಂದ ಸವರಿದ. "ಹೆಸರು ಹಿಡಿದು ಹೇಳಿದ್ರಾ? ಹಾಗಾದ್ರೆ ಅವರಿಗೆ ಹೆಸರು ಗೊತ್ತು. ಏನಂತೆ ಅವನ ಹೆಸರು?"

ಜಕ್ಕಾಯ್ ಪೆಚ್ಚಾದ. "ಗದ್ದಲ ಇತ್ತು. ನಂಗೆ ಸರಿಯಾಗಿ ಕೇಳಿಸ್ಲಿಲ್ಲ."

"ಹಿಂದೆ ಕೂತ್ರೆ ಇನ್ನೇನು. ತೀರ್ಮಾನ ಕೇಳ್ಸುತ್ತೆ, ಹೆಸರು ಕೇಳ್ಸಲ್ಲ."

"ಒಂದೇ ಒರೇಲಿ ಪ್ರವಾದಿ ಜೊತೆ ಇಡೋದೂ ಸರಿಯಲ್ಲ ಇನ್ನು. ನೋಡಿದೋರು ಏನಂದಾರು? ಯಾಜಕನ ಮನೆ, ಅದೂ ಲಿಪಿಕಾರನ ಮನೆ."

"ಇದ್ದಲ್ಲೇ ಇರಲಿ," ಎಂದ ಅಪ್ಪ. ಕಾರಣ ಹೇಳಲಿಲ್ಲ. ಹೇಳಿದ್ದರೆ ಎಂದು ಈಗ ಎಷ್ಟೋ ಸಲ ಅನ್ನಿಸುತ್ತದೆ. ಆದರೆ ಕಾರಣ ಹೇಳುವುದು ಅಪ್ಪನ ಜಾಯಮಾನವಲ್ಲ. ಸಾಲು ಮುಗಿಸುವುದಷ್ಟೇ ಅವನಿಗೆ ಗೊತ್ತು.

ಮರುದಿನ ಓದು ಮುಗಿದಾಗ ಅವನು ಕೈ ಚಾಚಿದ. ನಾನು ಎದ್ದು ಒಲೆಯ ಕಡೆ ಹೋದೆ. ತಂಬಿಗೆ ಅಲ್ಲೇ ಇತ್ತು. ತೊಳೆಯಬೇಕಿಲ್ಲದ್ದಕ್ಕೆ ತೊಳೆಯುವುದು ತೀರ್ಮಾನವನ್ನು ಅಣಕಿಸಿದ ಹಾಗೆ ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪ ಬಹಳ ಹೊತ್ತು ಹಾಗೆಯೇ ಕೂತಿದ್ದ. ಆಮೇಲೆ ಕೈಗಳನ್ನು ಒಂದರ ಹಿಂದೆ ಒಂದು ಅಂಗಿಗೆ ಒರೆಸಿಕೊಂಡ, ಒದ್ದೆಯಾಗಿದ್ದವೋ ಎನ್ನುವ ಹಾಗೆ.

ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ತಿನ ಹಿಂದಿನ ದಿನ ಮನೆ ಗುಡಿಸುತ್ತಾ ಒರೆಯನ್ನು ಕೆಳಗಿಳಿಸಿದೆ. ಅಪ್ಪ ಅಂಗಳದಲ್ಲಿದ್ದ. ಮುದುಕನನ್ನು ಒರೆಯಿಂದ ಎಳೆದು ತೆಗೆದೆ. ಇಷ್ಟು ವರ್ಷ ಒತ್ತಿಕೊಂಡಿದ್ದ ಪ್ರವಾದಿ, ಜಾಗ ಸಿಕ್ಕಿದ್ದೇ ಒಂದಿಷ್ಟು ಸಡಿಲವಾದ. ಅಮ್ಮನ ಮದುವೆಯ ನಾರುಬಟ್ಟೆಯ ಸೆರಗೊಂದು ಪೆಟ್ಟಿಗೆಯಲ್ಲಿತ್ತು. ಮುದುಕನನ್ನು ಅದರಲ್ಲಿ ಸುತ್ತಿ, ಹಿಂದಿನ ಕೋಣೆಯ ಹಲಗೆಯ ಮೇಲೆ ಬೇಳೆಯ ಗಡಿಗೆಗಳ ನಡುವೆ ಇಟ್ಟೆ. ಒಳ್ಳೆಯ ಬಟ್ಟೆಯಲ್ಲೇ ಸುತ್ತಿದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಬೇಳೆಯ ನಡುವೆ ಅವನನ್ನು ಕೂರಿಸಿ ಹಿಂದೆ ಸರಿದಾಗ ಎದೆಯಲ್ಲಿ ಒಂದು ಸಣ್ಣ ಸಂತೋಷ ಎದ್ದದ್ದೂ ನಿಜ. ನೀನೂ ಮರಳಿ ಬಂದೆಯಾ, ಕೂತಿರು ಇಲ್ಲಿ, ಅನ್ನಿಸಿತ್ತು.

ಸಬ್ಬತ್ತಿನ ಬೆಳಗಿನ ಓದು ಸಭಾಮಂದಿರದಲ್ಲಿ, ಹಾಗಾಗಿ ಮನೆಯಲ್ಲಿ ಒರೆ ತೆರೆಯಲಿಲ್ಲ. ಮಧ್ಯಾಹ್ನ ಮೂಡಣ ಗಾಳಿ ಬೀಸುತ್ತಿತ್ತು. ನಾಲಗೆಯೂ ಒಣಗುವ ಬಿಸಿಗಾಳಿ ಅದು. ಹಿತ್ತಲ ಗೋಡೆಯಾಚೆ ಕುಂಬಾರ ಜೆನೊನನ ಆವಿಗೆ ಇದೆ. ಅವನು ಸಿರಿಯದವನು, ನಮ್ಮವನಲ್ಲ, ಅವನಿಗೆ ಸಬ್ಬತ್ತಿಲ್ಲ. ಆವಿಗೆಯ ಕಿಡಿ ಅವನ ಸೋಗೆ ಚಪ್ಪರಕ್ಕೆ ಹಾರಿ, ಚಪ್ಪರದಿಂದ ನಮ್ಮ ಮಾಡಿನ ಜೊಂಡಿಗೆ ಹತ್ತಿತು. ನಾನು ನೋಡುವಷ್ಟರಲ್ಲಿ ಮುಂದಿನ ಕೋಣೆಯ ತೊಲೆಗಳ ನಡುವೆ ಹೊಗೆ ಇಳಿಯುತ್ತಿತ್ತು.

ಅಂಗಳದ ಮಂದಿಗೆಲ್ಲ ಕಟ್ಟಳೆ ಬಾಯಿಪಾಠ. ಸಬ್ಬತ್ತಿನಲ್ಲಿ ಬೆಂಕಿ ಆರಿಸುವ ಹಾಗಿಲ್ಲ. ಮನೆಯ ಸಾಮಾನು ಹೊರಗೆ ಸಾಗಿಸುವ ಹಾಗಿಲ್ಲ. ಆ ದಿನದ ಉಳಿದ ಊಟದಷ್ಟು ಆಹಾರ ತರಬಹುದು. ಮಧ್ಯಾಹ್ನವಾದರೆ ಒಂದೇ ಊಟದ್ದು. ಮೈಮೇಲೆ ಎಷ್ಟು ಬಟ್ಟೆ ತೊಡಲಾಗುತ್ತದೋ ಅಷ್ಟನ್ನು ತೊಟ್ಟು ಬರಬಹುದು. ಮತ್ತೆ ಪವಿತ್ರ ಗ್ರಂಥಗಳು. ಅವನ್ನು ಮಾತ್ರ ಏನೇ ಆದರೂ ಉಳಿಸಬೇಕು.

ಎದುರು ಮನೆಯ ತಬೀತಾ ತನ್ನ ಮನೆಗೂ ಹತ್ತೀತೆಂದು ಆಗಲೇ ಐದು ಅಂಗಿ, ಎರಡು ಕಂಬಳಿ ತೊಟ್ಟು ಅಂಗಳದ ನಡುವೆ ನಿಂತಿದ್ದಳು.

"ನನ್ನ ಮದುವೇಲೂ ಇಷ್ಟು ಬಟ್ಟೆ ಹಾಕಿರ್ಲಿಲ್ಲ ಕಣೆ ಶಪ್ಪೀರಾ," ಎಂದಳು ಬೆವರುತ್ತಾ. "ಬೆಂಕಿ ಸುಡದಿದ್ರೆ ಈ ಕಂಬಳೀನೇ ನನ್ನ ಸುಡುತ್ತೆ. ನಿಮ್ಮಪ್ಪನ್ನ ಮೊದ್ಲು ಈಚೆ ತಾರೆ."

ಜಕ್ಕಾಯ್ ಅಪ್ಪನ ತೋಳು ಹಿಡಿದು ಹೊರಗೆ ನಡೆಸುತ್ತಿದ್ದ. ಹೊಸ್ತಿಲಲ್ಲಿ ಅಪ್ಪ ನಿಂತುಬಿಟ್ಟ.

"ಒರೆ ತಗೊಂಡ್ಯಾ ಮಗಳೇ?"

"ತಗೊಂಡೆ ಅಪ್ಪ."

"ಸರಿ ಹಾಗಾದ್ರೆ," ಎಂದು ಅವನು ಹೊಸ್ತಿಲು ದಾಟಿದ.

ಒರೆ ನನ್ನ ಕಂಕುಳಲ್ಲಿತ್ತು. ನಾನು ಹಿಂದಿನ ಕೋಣೆಗೆ ಹೋದೆ. ಅಲ್ಲಿ ಇನ್ನೂ ಬೆಂಕಿಯಿರಲಿಲ್ಲ. ಹೊಗೆ, ಬಿಸಿ, ತಲೆಯ ಮೇಲೆ ಚಟಚಟ ಸದ್ದು. ಹಲಗೆಯ ಮೇಲೆ ಬಿಳಿ ಸೆರಗಿನಲ್ಲಿ ಮುದುಕ ಮಲಗಿದ್ದ. ಕೈ ಚಾಚಿದೆ. ಯಾರೂ ನೋಡುತ್ತಿರಲಿಲ್ಲ. ಇದನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ. ಯಾರೂ ಬೇಡ ಎನ್ನಲಿಲ್ಲ, ಯಾರೂ ತಡೆಯಲಿಲ್ಲ. ಬೇಳೆಯ ಗಡಿಗೆಯನ್ನು ಹೊರಗೆ ಒಯ್ಯುವುದೂ ಅದನ್ನು ಒಯ್ಯುವುದೂ ಈಗ ಒಂದೇ ಎಂದು ನನ್ನೊಳಗೇ ಯಾರೋ ಜಕ್ಕಾಯ್‌ನ ದನಿಯಲ್ಲಿ ಹೇಳಿದರು. ಆದರೆ ಚಾಚಿದ ಕೈ ಬರಿದಾಗಿ ಹಿಂದೆ ಬರಲಿಲ್ಲ. ಸೆರಗು ಬಟ್ಟೆ, ಬಟ್ಟೆ ತೊಡಬಹುದು. ಅದರ ಅಂಚು ಹಿಡಿದು ಎಳೆದೆ. ಮುದುಕ ಒಂದು ಸುತ್ತು ಉರುಳಿ ಗಡಿಗೆಗೆ ತಾಗಿ ನಿಂತ. ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ನಾನು ಹೊರಗೆ ಬಂದೆ.

ಜೆನೊನ್ ಎರಡು ಕೊಡ ನೀರು ಹೊತ್ತು ಗೋಡೆ ಹಾರಿ ಬಂದಿದ್ದ. ಅವನ ಹುಬ್ಬಿನ ಕೂದಲೆಲ್ಲ ಸುಟ್ಟಿತ್ತು.

"ಅಕ್ಕಾ, ನನ್ನಿಂದಾದ ಅನಾಹುತ. ಹುಯ್ಲಾ? ಹೇಳಿ, ಹುಯ್ತೀನಿ."

ಅನ್ಯನಿಗೆ ಆರಿಸು ಎನ್ನುವ ಹಾಗಿಲ್ಲ, ಆರಿಸಬೇಡ ಎನ್ನಬೇಕಾಗಿಯೂ ಇಲ್ಲ. ಅವನಾಗಿ ಮಾಡಿದರೆ ಮಾಡಿದ.

"ನಿಮ್ಮ ಜನಕ್ಕೆ ಇವತ್ತು ಬಾಯಿ ಕಟ್ಟುತ್ತೆ ಅಂತ ಗೊತ್ತು," ಎಂದ. ನೀರೆರಚಿದ; ಬೆಂಕಿ ಅದಕ್ಕೆ ಹೆದರಲಿಲ್ಲ. ಮತ್ತೆ ನನ್ನ ಬಳಿ ಬಂದ. "ಒಳಗೆ ಏನಾದ್ರೂ ಇದ್ರೆ ನುಗ್ಗಿ ತರ್ತೀನಿ. ಯಾವ್ದು ಮುಖ್ಯ? ಬಾಯಲ್ಲಿ ಬೇಡ, ಕಣ್ಣಲ್ಲಿ ತೋರ್ಸಿ ಸಾಕು."

ನಾನು ನೆಲ ನೋಡಿದೆ.

ಅವನು ತಲೆಗೆ ಒದ್ದೆ ಗೋಣಿ ಹಾಕಿಕೊಂಡು ನುಗ್ಗಿದ. ಹಿಂದಿನ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಕೆಮ್ಮುತ್ತಾ ಹೊರಬಂದಾಗ ಅವನ ತೋಳಿನಲ್ಲಿ ಹಿಟ್ಟು ನಾದುವ ಮರಿಗೆ ಇತ್ತು. ಒಂದು ಬದಿ ಕರಕಲಾಗಿತ್ತು.

"ಇದೇ ಅಲ್ವಾ?" ಎಂದು ಕೇಳಿದ. "ಮನೆ ಹೆಂಗಸಿಗೆ ಇದೇ ಅಲ್ವಾ?"

ಅವನ ಹಿಂದೆಯೇ ಹಿಂದಿನ ಕೋಣೆಯ ಮಾಡು ಕುಸಿಯಿತು.

ಅಪ್ಪ ಅಂಗಳದ ಅಂಜೂರದ ಮರದಡಿ ಕೂತಿದ್ದ. ಅವನ ಮುಖದಲ್ಲಿ ಅಂಥ ನಿರಾಳವನ್ನು ನಾನು ಎಷ್ಟೋ ಕಾಲದಿಂದ ಕಂಡಿರಲಿಲ್ಲ.

"ಮಾಡು ಬಿತ್ತಾ? ಬೀಳಲಿ ಬಿಡು. ಹೇಗೂ ಸೋರ್ತಿತ್ತು," ಎಂದ. "ನಿಮ್ಮಮ್ಮ ಇದ್ದಿದ್ರೆ, ನೋಡ್ದ್ಯಾ, ಈ ಸಲಾನೂ ಅವೆರಡನ್ನೇ ಎತ್ಕೊಂಡು ಬಂದ ಅಂತಿದ್ಲು." ಕೈಯನ್ನು ಗಾಳಿಯಲ್ಲಿ ಆಡಿಸಿದ. "ಕೊಡು ಇಲ್ಲಿ. ತೊಡೆ ಮೇಲಿರಲಿ."

ಒರೆಯನ್ನು ಅವನ ತೊಡೆಯ ಮೇಲಿಟ್ಟೆ. ಕೊಡುವಾಗ ಎರಡು ಕೈಯಲ್ಲಿ ಕೊಟ್ಟೆ, ಭಾರವಿದೆ ಎಂಬಂತೆ. ಅಪ್ಪ ಅದನ್ನು ಒಂದು ಸಲ ಮೇಲೆತ್ತಿದ. ಮತ್ತೆ ಇಳಿಸಿದ. ಒರೆಯ ಬಾಯಿ ತೆರೆದು ಬೆರಳು ಹಾಕಿದ. ಬೆರಳು ಒಂದು ಸುರುಳಿಯ ಮೈ ಸುತ್ತಿ, ಪಕ್ಕದ ಖಾಲಿ ಜಾಗಕ್ಕೆ ಇಳಿದು, ಅಲ್ಲೇ ನಿಂತಿತು.

"ಇನ್ನೊಂದು?"

"ಹಲಗೆ ಮೇಲಿಟ್ಟಿದ್ದೆ ಅಪ್ಪ. ನಿನ್ನೆ."

ಅಪ್ಪ ಬೆರಳು ತೆಗೆಯಲಿಲ್ಲ.

ಜಕ್ಕಾಯ್ ನನ್ನನ್ನೂ ಒರೆಯನ್ನೂ ನೋಡಿದ. ಮೂರು ಅಂಗಿ ಒಂದರ ಮೇಲೊಂದು ತೊಟ್ಟಿದ್ದ ಅವನು ನಿಂತಲ್ಲೇ ಕುಸಿದು ಕೂತ.

"ಒರೆ ಒಳಗೆ ಏನಿದ್ರೂ ಒರೆ ಜೊತೆ ಈಚೆ ತರ್ಬಹುದು ಅಕ್ಕಾ," ಎಂದ. ದನಿ ಒಡೆದಿತ್ತು. "ಕಟ್ಟಳೇಲೇ ಇದೆ. ದುಡ್ಡು ಇದ್ರೂ ಬರುತ್ತೆ, ಕಸ ಇದ್ರೂ ಬರುತ್ತೆ. ಪವಿತ್ರದ ಜೊತೆ ಇದ್ದದ್ದೆಲ್ಲ ಬರುತ್ತೆ. ಒರೇಲೇ ಇದ್ದಿದ್ರೆ..."

"ಅವಳಿಗೆ ಅದನ್ನ ಯಾಕೆ ಹೇಳ್ತೀಯ," ಎಂದ ಅಪ್ಪ. "ತೆಗೀಬೇಕು ಅಂದೋನು ನೀನು."

"ಇದ್ದಲ್ಲೇ ಇರಲಿ ಅಂದ್ಯಲ್ಲ ಅಪ್ಪ, ಅದಕ್ಕೇನಾ?" ಎಂದು ಕೇಳಿದೆ ನಾನು.

ಅಪ್ಪ ಒರೆಯಿಂದ ಬೆರಳು ತೆಗೆದು ಅದರ ಬಾಯಿ ಮುಚ್ಚಿದ. ತಬೀತಾ ಬಂದು ಅವನ ಹೆಗಲ ಮೇಲೆ ತನ್ನ ಒಂದು ಕಂಬಳಿ ಹೊದಿಸಿದಳು, ಆ ಬಿಸಿಗಾಳಿಯಲ್ಲಿ. ಅವನು ಬೇಡ ಎನ್ನಲಿಲ್ಲ.

ತಬೀತಾಳ ಎಣ್ಣೆಗಾಣದ ಕೊಟ್ಟಿಗೆಯಲ್ಲಿ ನಮಗೆ ಜಾಗ ಸಿಕ್ಕಿತು. ಎರಡು ದಿನ ಅಪ್ಪ ಮಾತಾಡಲಿಲ್ಲ. ನಾನು ಬೆಳಿಗ್ಗೆ ಬೆಳಿಗ್ಗೆ ತಂಬಿಗೆಯಲ್ಲಿ ನೀರು ಹಿಡಿದು ಅವನ ಮುಂದೆ ನಿಲ್ಲುತ್ತಿದ್ದೆ. ಅವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರುತ್ತಿದ್ದ. ನೀರನ್ನು ಹೊರಗೆ ಚೆಲ್ಲಿ ಬರುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಅವನು ಗೋಡೆಗೆ ಮುಖ ಮಾಡಿಕೊಂಡೇ ಹೇಳಿದ: "ಅವನ ಮೊಮ್ಮಗನು ಆ ನೀರಿಗೆ ಮುಖ ಸಿಂಡರಿಸಿದನು."

ಜಕ್ಕಾಯ್ ಎದ್ದು ಓಡಿದ. ಬರೆಯಲು ತೊಗಲಿರಲಿಲ್ಲ. ಹೋಗಿ ಜೆನೊನನ ಅಂಗಳದಿಂದ ಒಡೆದ ಮಡಕೆಯ ಚೂರುಗಳನ್ನು ತಂದ. ಜೆನೊನ್ ತಾನೇ ಒಂದು ಬುಟ್ಟಿ ಹೊತ್ತು ಹಿಂದೆ ಬಂದು ಬಾಗಿಲಲ್ಲಿ ಇಳಿಸಿದ. "ಇಂಥದ್ದು ನನ್ನಲ್ಲಿ ಬೇಕಾದಷ್ಟಿದೆ," ಎಂದು ಯಾರ ಮುಖವನ್ನೂ ನೋಡದೆ ಹೋದ. ಪವಿತ್ರ ಅಲ್ಲ, ಅಷ್ಟೇ, ಎಂದಿದ್ದ ನನ್ನ ತಮ್ಮ ಮಸಿಯಲ್ಲಿ ಲೆಕ್ಕಣಿಕೆ ಅದ್ದಿ, ಚೂರಿನ ಮೇಲೆ ಅಕ್ಷರ ಚೆಲ್ಲದ ಹಾಗೆ ಉಸಿರು ಬಿಗಿಹಿಡಿದು ಬರೆಯತೊಡಗಿದ.

"ಆದರೂ ಅದು ಎಲುಬಿನವರೆಗೆ ಕಚ್ಚುವುದು," ಎಂದ ಅಪ್ಪ. "ಬಾಗಿದ ಕೊಂಬೆಗೆ ಮಾತ್ರ ಅದು ಗೊತ್ತು. ಮೂರನೆಯವನು ಬಂದಾಗ ಇಬ್ಬರೂ ಸುಮ್ಮನಾದರು. ಕತ್ತೆಯಾದರೋ ದಾರಿಯನ್ನು ಬಲ್ಲದು."

ಬಂದದ್ದೆಲ್ಲ ಉಳಿದರ್ಧಗಳೇ. ಎಪ್ಪತ್ತು ವರ್ಷ ಅವನ ಬಾಯಿಗೆ ಅವೇ ಬಂದು ಬಿದ್ದಿದ್ದವು. ಮೊದಲು ತನ್ನ ಅಪ್ಪನ ದನಿಗೆ, ಆಮೇಲೆ ತನ್ನದೇ ಕಣ್ಣಿಗೆ, ಕೊನೆಗೆ ನನ್ನ ದನಿಗೆ ಅವನು ಉತ್ತರ ಕೊಡುತ್ತಾ ಬಂದಿದ್ದ. ಕೇಳುವ ಅರ್ಧ ಅವನದಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರವತ್ತು ಚೂರುಗಳಾದವು. ಕತ್ತೆಯಾದರೋ ದಾರಿಯನ್ನು ಬಲ್ಲದು. ದಾರಿ ಅರಿಯದವನು ಯಾರು? ಬಾಗಿದ ಕೊಂಬೆಗೆ ಗೊತ್ತಿರುವುದು ಏನು? ಬಾವಿಯದು, ಮುಪ್ಪಿನದು ಎರಡನ್ನು ನಾನು ಕೊಟ್ಟೆ. ಅವು ಅಂಕಣದ ತಲೆಯಲ್ಲಿದ್ದವು. ಉಳಿದವಕ್ಕೆ ಜಕ್ಕಾಯ್ ಪ್ರತಿ ಚೂರಿನ ಮೇಲ್ಭಾಗದಲ್ಲಿ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದ.

"ಅಕ್ಕಾ, ನೀನೇ ಓದ್ತಿದ್ದೋಳು," ಎಂದ ಅವನು. "ಆರು ವರ್ಷ. ದಿನಾ."

ಓದುತ್ತಿದ್ದೆ. ಕಣ್ಣು ಅಕ್ಷರದ ಮೇಲಿರುತ್ತಿತ್ತು, ಮನಸ್ಸು ಒಲೆಯ ಮೇಲೆ. ಎಷ್ಟು ಹೊತ್ತಿಗೆ ಈ ಅಂಕಣ ಮುಗಿದೀತು ಎಂದು ನೋಡುತ್ತಿದ್ದೆ. ಒಂದೇ ಒಂದು ಸಾಲನ್ನು ಮಾತ್ರ ಒಲೆಯಿಲ್ಲದೆ, ಹಿಟ್ಟಿಲ್ಲದೆ, ಪೂರ್ತಿ ಕಿವಿಯಾಗಿ ಓದಿದ್ದೆ.

ಅಪ್ಪ ಗೋಡೆಯಿಂದ ಇತ್ತ ತಿರುಗಿದ. ಬೂದಿ ಬಣ್ಣದ ಕಣ್ಣುಗಳು ನನ್ನ ದನಿ ಎಲ್ಲಿಂದ ಬರಬಹುದೋ ಅಲ್ಲಿ ನೆಟ್ಟಿದ್ದವು. "ಹೇಳು ಮಗಳೇ. ನೆನಪಿರೋದು ಯಾವ್ದಾದ್ರೂ ಸರಿ."

ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಅದರಲ್ಲಿ ಇನ್ನೂ ಹೊಗೆಯ ವಾಸನೆಯಿತ್ತು.

"ಮಗಳನ್ನು ಕೊಟ್ಟವನು," ಎಂದೆ, "ಬಾಗಿಲು ಹಾಕಿ ನಿದ್ದೆಹೋದನು."

ಜಕ್ಕಾಯ್ ಹೊಸ ಚೂರು ಎತ್ತಿಕೊಂಡು ಮೇಲಿನ ಸಾಲು ಬರೆದ. ಬರೆದು, ಲೆಕ್ಕಣಿಕೆ ಎತ್ತಿ ಕಾದ. ಹೊರಗೆ ತಬೀತಾ ಯಾರನ್ನೋ ಬೈಯುತ್ತಿದ್ದಳು. ಅಪ್ಪನ ತುಟಿ ಒಮ್ಮೆ ಅಲುಗಿತು. ಆ ಅರ್ಧ ಬಂದು ಅವನ ಬಾಯಲ್ಲಿ ನಿಂತದ್ದನ್ನು ನಾನು ಕಂಡೆ. ಆರು ವರ್ಷದಲ್ಲಿ ಮೊದಲ ಬಾರಿಗೆ ಅವನು ತಡವರಿಸಿದ.

"ಅದು ಅದ್ರಲ್ಲಿ ಇರ್ಲಿಲ್ಲ," ಎಂದ.

"ಇತ್ತು ಅಪ್ಪಾ," ಎಂದ ಜಕ್ಕಾಯ್. "ನಂಗೂ ನೆನಪಿದೆ, ಮರಳಿ ಪಡೆದವನ..."

"ಇರ್ಲಿಲ್ಲ ಅಂದೆನಲ್ಲ. ಅಳಿಸು ಅದನ್ನ."

ಜಕ್ಕಾಯ್ ನನ್ನ ಮುಖ ನೋಡಿದ. ಆಮೇಲೆ ಹೆಬ್ಬೆರಳಿಗೆ ಉಗುಳು ಹಚ್ಚಿ ಚೂರನ್ನು ಉಜ್ಜಿದ. ಮಸಿ ಒಣಗಿರಲಿಲ್ಲ, ಬೇಗ ಹೋಯಿತು.

"ಬೇರೆ ಹೇಳು," ಎಂದ ಅಪ್ಪ ನನ್ನ ಕಡೆಗೆ ತಿರುಗಿ.

ನನ್ನ ಹತ್ತಿರ ಬೇರೆ ಇರಲಿಲ್ಲ.